ತಕ್ಕಡಿಯ ಮುಳ್ಳು

(ಕಾರ್ಮಿಕ ಸಂತ ಜೋಸೆಫರ ಹಬ್ಬದಂದು ತೋಟದ ಕುಟುಂಬಗಳ ಸಭೆಯಲ್ಲಿ ಮಾಡಿದ ಭಾಷಣ)



ಮೇ 1 ದುಡಿಯುವವರ ದಿನ. 1955ರಲ್ಲಿ ಜಗದ್ಗುರು ಹನ್ನೆರಡನೆಯ ಪಿಯುಸರು ಇದೇ ದಿನವನ್ನು ಬಡಗಿ ಜೋಸೆಫರ ಹಬ್ಬವೆಂದು ಸಾರಿದರು. ಆದುದರಿಂದ ಈ ಹೊತ್ತು ಕೆಲಸದ ಮಾತನ್ನೂ ದೇವರ ಮಾತನ್ನೂ ಒಟ್ಟಿಗೇ ಆಡುತ್ತೇನೆ.

ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದರೆ ನಮ್ಮ ಮಕ್ಕಳು ರೆಕ್ಕೆಯ ದೇವದೂತನನ್ನೂ ಕೊಂಬಿನ ಸೈತಾನನನ್ನೂ ತೋರಿಸುತ್ತಾರೆ. ಅಷ್ಟು ದೂರ ಹೋಗಬೇಕಾಗಿಲ್ಲ. ದಿನವೂ ನಾವು ಸೊಪ್ಪಿನ ಚೀಲ ಹೊತ್ತು ಸಾಲು ನಿಲ್ಲುವ ತೂಕದ ಜಾಗವನ್ನು ನೋಡಿದರೆ ಸಾಕು.

ಚೀಲ ಕೊಕ್ಕೆಗೆ ಏರುತ್ತದೆ. ಮುಳ್ಳು ಅಲ್ಲಾಡಿ ನಿಲ್ಲುವ ಮೊದಲೇ ಪುಸ್ತಕದಲ್ಲಿ ಒಂದು ಅಂಕಿ ಬೀಳುತ್ತದೆ. ಮಳೆಯಲ್ಲಿ ನೀರಿನ ತೂಕವೆಂದು ಕಳೆಯುತ್ತಾರೆ, ಸರಿ. ಬಿಸಿಲಿನ ದಿನವೂ ಅಷ್ಟನ್ನೇ ಕಳೆದರೆ ಅದು ನೀರಿನ ಲೆಕ್ಕವಲ್ಲ, ಬೆವರಿನ ಲೆಕ್ಕ. ಒಬ್ಬಳಿಗೆ ದಿನಕ್ಕೆ 2 ಕಿಲೋ ತಪ್ಪಿತೆನ್ನಿ. 25 ದಿನಕ್ಕೆ 50 ಕಿಲೋ. ಅಂಥವರು 40 ಮಂದಿಯಾದರೆ 2,000 ಕಿಲೋ. ಅದರಲ್ಲಿ 400 ಕಿಲೋಗೂ ಮಿಕ್ಕಿ ಚಹಾಪುಡಿ ಆಗುತ್ತದೆ. ಯಾರೂ ಬೀಗ ಒಡೆಯಲಿಲ್ಲ, ಯಾರೂ ಕತ್ತಿ ತೋರಿಸಲಿಲ್ಲ. ಪಾಪ ಬಹಳ ಸಲ ಹೀಗೇ ಸದ್ದಿಲ್ಲದೆ ಬರುತ್ತದೆ.

ಇದು ಸಂಘದವರ ಮಾತು ಮಾತ್ರ ಎಂದು ತಿಳಿಯಬೇಡಿ. ಸುಳ್ಳು ತೂಕ, ಸುಳ್ಳು ಅಳತೆ ಬೇಡವೆಂದು ಯಾಜಕಕಾಂಡದ 19ನೆಯ ಅಧ್ಯಾಯದಲ್ಲಿ ದೇವರೇ ವಿಧಿಸಿದ್ದಾರೆ. ತಕ್ಕಡಿಯಲ್ಲಿ ಮೋಸಮಾಡಿ ಬಡವರನ್ನು ತುಳಿದವರ ಮೇಲೆ ಪ್ರವಾದಿ ಆಮೋಸನು ಸಿಡಿದೆದ್ದನು. ಹಿಡಿದಿಟ್ಟ ಕೂಲಿ ದೇವರಿಗೆ ಮೊರೆಯಿಡುತ್ತದೆಂದು ಸಂತ ಯಾಕೋಬನು ಬರೆದನು. 1891ರಲ್ಲಿ ಜಗದ್ಗುರು ಹದಿಮೂರನೆಯ ಲಿಯೋ ತಮ್ಮ ವಿಶ್ವಪತ್ರದಲ್ಲಿ ಅದನ್ನೇ ಮಹಾಪರಾಧವೆಂದರು. ನಮ್ಮ ದೇಶದ 2009ರ ತೂಕ ಅಳತೆಯ ಕಾಯಿದೆಯೂ ತಕ್ಕಡಿಯನ್ನು ಪರೀಕ್ಷೆ ಮಾಡಿಸಿ ಸರಕಾರದ ಮುದ್ರೆ ಹಾಕಿಸಬೇಕೆನ್ನುತ್ತದೆ.

ಆದರೆ ಮುಳ್ಳು ನಮ್ಮ ಕಡೆಗೂ ತಿರುಗುತ್ತದೆ. ಚೀಲದ ಅಡಿಗೆ ಬಲಿತ ಎಲೆ ತುಂಬಿ ಮೇಲೆ ಚಿಗುರು ಹರಡುವವರು, ಬೇಕೆಂದೇ ನೀರು ಚಿಮುಕಿಸುವವರು ನಮ್ಮಲ್ಲಿಲ್ಲವೇ? ದೊಡ್ಡವರು ಕದಿಯುತ್ತಾರೆಂದು ನಮ್ಮ ಕಳವು ಪುಣ್ಯವಾಗುವುದಿಲ್ಲ. ಅದರಿಂದ ನಮ್ಮ ನ್ಯಾಯದ ಮಾತಿನ ಬಲವೂ ಕುಗ್ಗುತ್ತದೆ.

ಗೋಧಿಯ ನಡುವಿನ ಕಳೆಯನ್ನು ಸುಗ್ಗಿಯ ತನಕ ಬಿಡಿರೆಂದು ಪ್ರಭು ಹೇಳಿದರಲ್ಲ, ಹಾಗಾದರೆ ಬಾಯಿ ಮುಚ್ಚಿಕೊಂಡಿರಬೇಕೇ ಎಂದು ಕೆಲವರು ಕೇಳುತ್ತಾರೆ. ಯಾವ ಮನುಷ್ಯನನ್ನೂ ಕಳೆಯೆಂದು ತೀರ್ಪುಮಾಡಿ ಕಿತ್ತೆಸೆಯಬೇಡಿ ಎಂಬುದು ಆ ಸಾಮತಿಯ ಬುದ್ಧಿ. ತೂಕ ಬರೆಯುವ ರೈಟರೂ ಮೇಲಿನವರಿಗೆ ಹೆದರಿ ಬದುಕುವ ಸಂಬಳದ ಮನುಷ್ಯನೇ. ಆದರೆ ಅನ್ಯಾಯದ ಕೆಲಸವನ್ನು ಬೆಳೆಯಬಿಡಿ ಎಂದು ಪ್ರಭು ಎಲ್ಲಿಯೂ ಹೇಳಲಿಲ್ಲ. ಸುಂಕದ ಜಕ್ಕಾಯನ ಮನೆಗೆ ಅವರು ಪ್ರೀತಿಯಿಂದ ಹೋದರು. ಮೋಸದಿಂದ ತೆಗೆದುಕೊಂಡಿದ್ದರೆ ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆಂದು ಅವನೇ ಎದ್ದು ಹೇಳಿದನು. ಮನುಷ್ಯನೂ ಉಳಿದನು, ಲೆಕ್ಕವೂ ಸರಿಯಾಯಿತು. ನಾವು ಕೇಳುವುದೂ ಅಷ್ಟೇ.

ಅದೇ ಸಾಲಿನಲ್ಲಿ ಒಳ್ಳೆಯದನ್ನೂ ನೋಡಿ. ಬಸುರಿ ಹೆಂಗಸಿನ ಚೀಲ ಹಗುರವಾಗಿದ್ದರೆ ಪಕ್ಕದವಳು ತನ್ನ ಚೀಲದಿಂದ ಎರಡು ಹಿಡಿ ತೆಗೆದು ಅದರೊಳಗೆ ಹಾಕುತ್ತಾಳೆ. ಒಬ್ಬಳದು ಕನ್ನಡ, ಇನ್ನೊಬ್ಬಳದು ತಮಿಳು ಅಥವಾ ಮಲಯಾಳ. ಒಬ್ಬಳು ನಮ್ಮ ದೇವಾಲಯಕ್ಕೆ ಬರುವವಳು, ಇನ್ನೊಬ್ಬಳು ಮಾರಿಯಮ್ಮನ ಗುಡಿಗೆ ಹೋಗುವವಳು. ಆ ಎರಡು ಹಿಡಿ ಯಾವ ಪುಸ್ತಕದಲ್ಲೂ ಏರುವುದಿಲ್ಲ. ಬಡ ವಿಧವೆಯ ಎರಡು ಕಾಸನ್ನು ಕಂಡ ಪ್ರಭು ಇದನ್ನೂ ಕಾಣುತ್ತಾರೆಂದೇ ನನ್ನ ನಂಬಿಕೆ.

ನಾಳೆಯಿಂದ ಮೂರು ಕೆಲಸ ಮಾಡೋಣ. ಮುಳ್ಳು ನಿಲ್ಲುವ ತನಕ ನಾವೂ ಅಲ್ಲೇ ನಿಂತು ಅಂಕಿಯನ್ನು ಗಟ್ಟಿಯಾಗಿ ಓದೋಣ. ಮನೆಯಲ್ಲಿ ಶಾಲೆಗೆ ಹೋಗುವ ಮಗುವಿನ ಕೈಯಿಂದ ಅದನ್ನು ನೋಟ್‌ಬುಕ್ಕಿನಲ್ಲಿ ಬರೆಸಿಡೋಣ. ವ್ಯತ್ಯಾಸ ಕಂಡರೆ ಒಬ್ಬೊಬ್ಬರೇ ಜಗಳಕ್ಕೆ ಹೋಗದೆ ಎಲ್ಲರೂ ಕೂಡಿ ಕೇಳೋಣ; ಕೋಪದಲ್ಲಿ ಬಯ್ಯುವುದು ಬೇಡ, ಹೆದರಿ ಹಿಂದೆ ಸರಿಯುವುದೂ ಬೇಡ.

ಕೂಲಿಗಾಗಿ ಕೈ ಸವೆಸಿದ ಸಂತ ಜೋಸೆಫರು ನಮಗಾಗಿ ಪ್ರಾರ್ಥಿಸಲಿ. ನ್ಯಾಯವಂತರಾದ ದೇವರು ನಮ್ಮ ಲೈನ್ ಮನೆಗಳನ್ನೂ ನಮ್ಮ ಮಕ್ಕಳನ್ನೂ ಆಶೀರ್ವದಿಸಲಿ.