381 ದಿನ ನಡೆದ ಭರವಸೆ

(ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಅನ್ಯಧರ್ಮಗಳಲ್ಲಿ ನಡೆದ ಸಮಾನತೆಯ ಹೋರಾಟದ ಬಗ್ಗೆ ಮಾತನಾಡಲು ಪೂಜ್ಯರು ಅಪ್ಪಣೆ ಕೊಡಿಸಿದ್ದಾರೆ. ನಂಬಿಕೆ, ಭರವಸೆ, ಪ್ರೀತಿ ಇವು ಕ್ರೈಸ್ತರು ಎತ್ತಿಹಿಡಿಯುವ ಮೂರು ಗುಣಗಳು. ಸತ್ತ ಮೇಲೆ ಸ್ವರ್ಗವಿದೆ, ಅಲ್ಲಿಯವರೆಗೆ ಸಹಿಸಿಕೊಳ್ಳಿ ಎನ್ನುವುದೇ ಅವರ ಭರವಸೆ ಎಂದು ನಾನು ಬಹುಕಾಲ ತಿಳಿದಿದ್ದೆ. ಅಮೆರಿಕದ ಮಾಂಟ್ಗೊಮರಿ ಊರಿನ ಚರಿತ್ರೆ ಓದಿದಾಗ ನನ್ನ ತಪ್ಪು ತಿಳಿಯಿತು.

1955ರ ಡಿಸೆಂಬರ್ 1ರಂದು ಬಿಳಿಯ ಪ್ರಯಾಣಿಕನಿಗೆ ಸೀಟು ಬಿಟ್ಟುಕೊಡದ ರೋಸಾ ಪಾರ್ಕ್ಸ್ ಬಂಧನಕ್ಕೊಳಗಾದರು. 5ನೇ ತಾರೀಖಿನಿಂದ ಕಪ್ಪು ಜನ ಬಸ್ಸು ಹತ್ತುವುದನ್ನೇ ಬಿಟ್ಟರು. ಮುಂದಾಳು 26 ವರ್ಷದ ಪಾದ್ರಿ ಮಾರ್ಟಿನ್ ಲೂಥರ್ ಕಿಂಗ್. ಶಿಲುಬೆಗೇರಿಸಿದವರ ತೀರ್ಪು ಕೊನೆಯ ತೀರ್ಪಲ್ಲ ಎಂಬುದು ಕ್ರೈಸ್ತ ಭರವಸೆಯ ಬುಡ. ಆ ಜನ ಅದನ್ನು ರಾತ್ರಿ ಚರ್ಚಿನಲ್ಲಿ ಹಾಡಿದರು, ಬೆಳಿಗ್ಗೆ ಕೆಲಸಕ್ಕೆ ನಡೆದೇ ಹೋದರು.

ನಾನು ಎಂಜಿನಿಯರ್, ನನ್ನ ಕಣ್ಣು ಹೋದದ್ದು ವ್ಯವಸ್ಥೆಯ ಕಡೆಗೆ. ಸ್ವಂತ ಕಾರುಗಳನ್ನು ಒಟ್ಟುಗೂಡಿಸಿ ಹತ್ತುವ, ಇಳಿಯುವ ಜಾಗ ಗೊತ್ತುಮಾಡಿದರು. ಚರ್ಚುಗಳು ವ್ಯಾನು ಕೊಂಡವು. ವಿಮೆ ರದ್ದಾದಾಗ ಲಂಡನ್ನಿನಿಂದ ವಿಮೆ ತರಿಸಿದರು! 1956ರ ಜನವರಿಯಲ್ಲಿ ಕಿಂಗ್ ಅವರ ಮನೆಗೆ ಬಾಂಬು ಬಿತ್ತು. ಸೇಡು ಬೇಡ ಎಂದು ಅವರೇ ಜನರನ್ನು ಮನೆಗೆ ಕಳುಹಿಸಿದರು. ನವೆಂಬರ್ 13ರಂದು ಈ ಕಾರು ವ್ಯವಸ್ಥೆಯನ್ನೇ ನಿಲ್ಲಿಸಲು ಸ್ಥಳೀಯ ಕೋರ್ಟಿನಲ್ಲಿ ವಿಚಾರಣೆ ನಡೆಯುತ್ತಿತ್ತು. ಆಗಲೇ ಬಸ್ಸಿನ ಭೇದಭಾವ ಸಂವಿಧಾನಬಾಹಿರವೆಂದು ಸುಪ್ರೀಂ ಕೋರ್ಟ್ ಎತ್ತಿಹಿಡಿದ ಸುದ್ದಿ ಬಂತು. ಬಹಿಷ್ಕಾರ ನಡೆದದ್ದು ಒಟ್ಟು 381 ದಿನ.

1963ರಲ್ಲಿ ಬರ್ಮಿಂಗ್‌ಹ್ಯಾಮ್ ಊರಿನ ಹೋರಾಟ ನಡೆದಾಗ ಎಂಟು ಮಂದಿ ಬಿಳಿಯ ಧರ್ಮಗುರುಗಳು ಬೀದಿಗಿಳಿಯಬೇಡಿ, ತಾಳ್ಮೆಯಿರಲಿ ಎಂದು ಪತ್ರಿಕೆಯಲ್ಲಿ ಬರೆದರು. ಕಿಂಗ್ ಜೈಲಿನಿಂದಲೇ ಅವರಿಗೆ ಉತ್ತರಿಸಿದರು. ಅವರು ಕೆಟ್ಟವರಲ್ಲ, ಸಭ್ಯರು. ಅದನ್ನು ಓದುವಾಗ ಅವರ ಸಾಲಿನಲ್ಲಿ ನಾನೂ ನಿಂತಂತೆ ಕಂಡಿತು.

ಸೇವೆಯಲ್ಲಿದ್ದಾಗ ಒಂದು ಹಳ್ಳಿಯ ನೀರಿನ ಪೈಪು ದಲಿತರ ಕೇರಿಗೆ ಮುಟ್ಟುವ ಮೊದಲೇ ನಿಂತಿತು. ಅನುದಾನ ಕಡಿಮೆ ಇತ್ತು, ನಿಜ. ಆದರೆ ಎಲ್ಲಿ ನಿಲ್ಲಿಸಬೇಕೆಂದು ಅಂದಾಜುಪಟ್ಟಿಯಲ್ಲಿ ಬರೆದು ಸಹಿ ಹಾಕಿದ ಕೈ ನನ್ನದು. "ಮುಂದಿನ ಹಂತದಲ್ಲಿ ಬರುತ್ತದೆ, ಭರವಸೆಯಿಡಿ" ಎಂದೆ. ಪಕ್ಕದಲ್ಲಿದ್ದ ಊರ ಹಿರಿಯರು, ನಮ್ಮವರೇ, ತಲೆಯಾಡಿಸಿದರು. ಒಬ್ಬ ತಾಯಿ ಕೊಡ ಕೆಳಗಿಟ್ಟು, "ಸಾಹೇಬ್ರೆ, ನಿಮ್ಮ ಮನೇಲಿ ನೀರಿಗೆ ಎಷ್ಟು ದಿನ ಕಾಯ್ತೀರಿ?" ಎಂದು ಕೇಳಿದಳು. ನಾನು ಜೀಪು ಹತ್ತಿದೆ.

ನಿವೃತ್ತಿಯ ನಂತರ ಆ ಊರಿಗೆ ಹೋಗಿದ್ದೆ. ಕೇರಿಯಲ್ಲಿ ನಲ್ಲಿ ಇದೆ. ಮೂರು ವರ್ಷ ಕಚೇರಿಗೆ ಅಲೆದು ತರಿಸಿಕೊಂಡೆವು ಎಂದರು. ನನ್ನ ಗುರುತು ಯಾರಿಗೂ ಸಿಗಲಿಲ್ಲ; ನಾನೂ ಹೇಳಿಕೊಳ್ಳಲಿಲ್ಲ. ಇವತ್ತು ನಿಮ್ಮೆದುರು ಹೇಳಿದ್ದೇನೆ.