ಹೊನಲು ಬೆಳಕಿನ ಆಟಕ್ಕೆ ಎಂಥ ಲೆನ್ಸು?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನಗೆ ಆ ಕೆಲಸದ ಬಗ್ಗೆಯೇ ನಾಲ್ಕು ಮಾತು ಹೇಳು ಎಂದು ಸಂಘದವರು ಹೇಳಿದ್ದರು. ಆದರೆ ಸಂಘದ ಮುಂದೆ ಈಗ ಬೇರೆ ಒಂದು ಪ್ರಶ್ನೆ ಇದೆ. ಶಾಲೆಗೆ ಕೊಟ್ಟಿರುವ ಕ್ಯಾಮೆರಾಕ್ಕೆ, ನಮ್ಮ ಮಕ್ಕಳ ಹೊನಲು ಬೆಳಕಿನ ಕಬಡ್ಡಿ, ವಾಲಿಬಾಲ್ ಪಂದ್ಯಗಳ ಫೋಟೊ ತೆಗೆಯಲು ಒಂದು ಲೆನ್ಸು ಕೊಳ್ಳಬೇಕು. ಯಾವುದು? ರಜೆ ಸಿಕ್ಕಾಗಲೆಲ್ಲ ಇಂಥ ಪಂದ್ಯಗಳ ಫೋಟೊ ತೆಗೆಯುವುದು ಹತ್ತು ವರ್ಷಗಳಿಂದ ನನ್ನ ಹವ್ಯಾಸ. ಹಾಗಾಗಿ ಇವತ್ತು ಅದನ್ನೇ ಮಾತಾಡುತ್ತೇನೆ.

ಇದು ಸಣ್ಣ ವಿಷಯವಲ್ಲ. ನಮ್ಮ ಆಫೀಸು ಕೋಣೆಯ ಗೋಡೆಯಲ್ಲಿ ಎಷ್ಟೋ ತಂಡಗಳ ಫೋಟೊ ಇವೆ. ಎಲ್ಲವೂ ಹಗಲಿನಲ್ಲಿ ತೆಗೆದವು. ನಡುವೆ ಶೀಲ್ಡು, ಅಕ್ಕಪಕ್ಕ ಕೈಕಟ್ಟಿ ನಿಂತ ಮಕ್ಕಳು. ಆಡುತ್ತಿರುವ ಫೋಟೊ ಒಂದೂ ಇಲ್ಲ. ಏಕೆಂದರೆ ಆಟ ನಡೆದದ್ದು ಸಂಜೆ, ರಾತ್ರಿ. ಆಗ ನಡುಗೆರೆ ಮುಟ್ಟಿ ಬಂದು ಪಂದ್ಯ ಗೆಲ್ಲಿಸಿದ ಹುಡುಗಿಯರು ಇವತ್ತು ತಾಯಂದಿರಾಗಿ ಈ ಸಭೆಯಲ್ಲಿ ಕುಳಿತಿದ್ದಾರೆ. "ಅಮ್ಮ, ನೀನು ನಿಜವಾಗಿ ಆಡ್ತಿದ್ಯಾ?" ಎಂದು ಮಕ್ಕಳು ಕೇಳಿದರೆ ತೋರಿಸಲು ಅವರ ಹತ್ತಿರ ಏನೂ ಇಲ್ಲ. ಮುಂದಿನ ಐವತ್ತು ವರ್ಷ ಹೀಗಾಗಬಾರದು. ಜೊತೆಗೆ, ಐನೂರು ಸಾವಿರ ಎಂದು ಎಲ್ಲರೂ ಸೇರಿಸಿ ಕೊಟ್ಟ ಹಣ ಇದು. ಒಂದು ರೂಪಾಯಿಯೂ ಗತ್ತಿಗೆ ಖರ್ಚಾಗಬಾರದು.

ಗತ್ತು ಎಂದೆ. 150-600 ಎಂದು ಬರೆದಿರುವ ಉದ್ದನೆಯ ಲೆನ್ಸು ತರಿಸೋಣ, ಮೈದಾನದ ಆ ತುದಿಯೂ ಹತ್ತಿರ ಕಾಣುತ್ತದೆ ಎಂಬ ಸಲಹೆ ಬಂದಿದೆ. ಸಲಹೆ ಕೊಟ್ಟವರ ಕಾಳಜಿ ದೊಡ್ಡದು. ರಂಗನತಿಟ್ಟಿನಲ್ಲಿ ಹಗಲು ಹೊತ್ತು ಹಕ್ಕಿಗಳ ಫೋಟೊಕ್ಕೆ ಆ ಲೆನ್ಸು ಒಳ್ಳೆಯದೇ. ಆದರೆ ರಾತ್ರಿಯ ಆಟಕ್ಕೆ ಅದು ಬೇಡ. ಕಾರಣ ನಮ್ಮ ಹತ್ತನೇ ತರಗತಿಯ ವಿಜ್ಞಾನದ ಪುಸ್ತಕದಲ್ಲೇ ಇದೆ.

ಪೀನ ಮಸೂರ, ಸಂಗಮ ದೂರ ನೆನಪಿದೆಯಲ್ಲ? ಲೆನ್ಸಿನ ಮೇಲೆ ಬರೆದಿರುವ 70-200, 150-600 ಎಂಬುದು ಮಿಲಿಮೀಟರ್‌ನಲ್ಲಿ ಅದರ ಸಂಗಮ ದೂರ. ಅದು ಹೆಚ್ಚಾದಷ್ಟೂ ದೂರದ್ದು ದೊಡ್ಡದಾಗಿ ಕಾಣುತ್ತದೆ. ಪಕ್ಕದಲ್ಲಿ ಇನ್ನೊಂದು ಸಂಖ್ಯೆ ಇರುತ್ತದೆ: 2.8, ಅಥವಾ 4-5.6, ಅಥವಾ 5-6.3. ಸಂಗಮ ದೂರವನ್ನು ಬೆಳಕು ಒಳಬರುವ ಕಿಂಡಿಯ ವ್ಯಾಸದಿಂದ ಭಾಗಿಸಿದರೆ ಬರುವ ಸಂಖ್ಯೆ ಅದು. ಎಫ್ ಸಂಖ್ಯೆ ಎನ್ನುತ್ತಾರೆ. ಅದು ಚಿಕ್ಕದಾದಷ್ಟೂ ಬೆಳಕು ಹೆಚ್ಚು. 200 ಮಿ.ಮೀ.ಗೆ ಎಫ್ 2.8 ಬೇಕೆಂದರೆ ಕಿಂಡಿ ಸುಮಾರು 71 ಮಿ.ಮೀ. ಅಗಲ ಇರಬೇಕು. ಎಫ್ 5.6 ಸಾಕೆಂದರೆ 36 ಮಿ.ಮೀ. ಸಾಕು. ಅಗಲ ಅರ್ಧವಾದರೆ ವಿಸ್ತೀರ್ಣ ಕಾಲುಭಾಗ, ಬೆಳಕೂ ಕಾಲುಭಾಗ. ಎಫ್ 6.3ರಲ್ಲಿ ಐದನೇ ಒಂದು ಭಾಗ. 2.8ರ ಝೂಮ್ ಲೆನ್ಸುಗಳು ದಪ್ಪ, ಭಾರ, ದುಬಾರಿ ಆಗಿರುವುದು ಇದರಿಂದಲೇ.

ಈಗ ಆಟಕ್ಕೆ ಬನ್ನಿ. ರೈಡರ್ ಸೆಕೆಂಡಿಗೆ ಐದು ಮೀಟರ್ ವೇಗದಲ್ಲಿ ಹಿಂದಕ್ಕೆ ಜಿಗಿಯುತ್ತಾಳೆ ಎನ್ನೋಣ. ಎಫ್ 2.8ರಲ್ಲಿ ಶಟರ್ ಸೆಕೆಂಡಿನ 500ರಲ್ಲಿ ಒಂದು ಭಾಗ ತೆರೆದರೆ ಸಾಕು ಎಂಬಷ್ಟು ಬೆಳಕಿದ್ದರೆ, ಅಷ್ಟರಲ್ಲಿ ಅವಳು ಸರಿಯುವುದು ಒಂದು ಸೆಂಟಿಮೀಟರ್. ಅದೇ ಬೆಳಕಿನಲ್ಲಿ ಎಫ್ 5.6 ಲೆನ್ಸಿಗೆ 125ರಲ್ಲಿ ಒಂದು ಭಾಗ ಬೇಕು. ಅವಳು ನಾಲ್ಕು ಸೆಂಟಿಮೀಟರ್ ಸರಿದಿರುತ್ತಾಳೆ. ಕಣ್ಣು, ಬಾಯಿ, ಬೆರಳು ಎಲ್ಲವೂ ಕಲಸಿಹೋಗುತ್ತದೆ. ಲೆನ್ಸಿನಲ್ಲಿ ಅಲುಗಾಟ ತಡೆಯುವ ವ್ಯವಸ್ಥೆ ಇದೆ ಎಂದು ಅಂಗಡಿಯವರು ಹೇಳುತ್ತಾರೆ. ಅದು ನಮ್ಮ ಕೈ ನಡುಗುವುದನ್ನು ತಡೆಯುತ್ತದೆ. ಓಡುವ ಹುಡುಗಿಯನ್ನು ನಿಲ್ಲಿಸುವುದಿಲ್ಲ.

ಐಎಸ್‌ಒ ಏರಿಸಿದರಾಯಿತಲ್ಲ ಎಂದು ಕೇಳಬಹುದು. ಏರಿಸಲೇಬೇಕು. ಊರಿನ ದೀಪಗಳಲ್ಲಿ ನಾನು 3200, 6400ರಲ್ಲೇ ತೆಗೆಯುತ್ತೇನೆ. ಚಿತ್ರ ಸ್ವಲ್ಪ ರವೆ ರವೆಯಾಗುತ್ತದೆ. ಅದನ್ನು ಸಾಫ್ಟ್‌ವೇರ್ ಬಹುಮಟ್ಟಿಗೆ ಸರಿಮಾಡುತ್ತದೆ. ಕಲಸಿಹೋದ ಮುಖವನ್ನು ಮಾತ್ರ ಸರಿಮಾಡಲಾರದು. ಈಗಿನ ಕೆಲವು ತಂತ್ರಾಂಶಗಳು ಮಾಡಿದಂತೆ ತೋರಿಸುತ್ತವೆ. ಅವು ಊಹಿಸಿ ಒಂದು ಮುಖ ಬರೆಯುತ್ತವೆ. ಅದು ನಮ್ಮ ಹುಡುಗಿಯ ಮುಖವಲ್ಲ. ನನ್ನ ಉದ್ಯೋಗವೇ ಸಾಫ್ಟ್‌ವೇರ್ ಆದ್ದರಿಂದ ಇದನ್ನು ಒತ್ತಿ ಹೇಳುತ್ತೇನೆ.

ಹಾಗಾದರೆ ಉದ್ದ ಎಷ್ಟು ಬೇಕು? ನಾವು ಎಲ್ಲಿ ಕೂರುತ್ತೇವೆ ಎಂಬುದರ ಮೇಲೆ ಅದು ನಿಂತಿದೆ. ಕಬಡ್ಡಿ ಅಂಕಣ ಗಂಡಸರಿಗೆ 13 ಮೀಟರ್ ಉದ್ದ, 10 ಮೀಟರ್ ಅಗಲ. ಗೆರೆಯ ಹೊರಗೆ ಕುಳಿತರೆ ಆಟ ನಡೆಯುವುದು ಎಂಟು ಹತ್ತು ಮೀಟರ್ ದೂರದಲ್ಲಿ. ನಮ್ಮ ಶಾಲೆಯ ಕ್ಯಾಮೆರಾದ್ದು ಚಿಕ್ಕ ಸೆನ್ಸರ್, ಎಪಿಎಸ್-ಸಿ. ಅದರಲ್ಲಿ ಎಂಟು ಮೀಟರ್ ದೂರಕ್ಕೆ 50 ಮಿ.ಮೀ. ಲೆನ್ಸು ಸುಮಾರು ಮೂರೂವರೆ ಮೀಟರ್ ಅಗಲದ ನೋಟ ಹಿಡಿಯುತ್ತದೆ: ರೈಡರ್ ಮತ್ತು ಅವಳನ್ನು ಹಿಡಿಯಲು ಬಂದ ಇಬ್ಬರು. 85 ಮಿ.ಮೀ. ಸುಮಾರು ಎರಡು ಮೀಟರ್ ಹಿಡಿಯುತ್ತದೆ: ರೈಡರ್ ಒಬ್ಬಳೇ, ಚೆನ್ನಾಗಿ. 200 ಮಿ.ಮೀ. ಹಾಕಿದರೆ ಮುಖ, ಭುಜ ಅಷ್ಟೇ. 600 ಹಾಕಿದರೆ ಬರೀ ಮುಖ! ವಾಲಿಬಾಲ್ ಅಂಕಣ 18 ಮೀಟರ್ ಉದ್ದ. ಆಚೆ ಬದಿಯಲ್ಲಿ ಹೊಡೆಯುವವನನ್ನು ಹಿಡಿಯಲು 100ರಿಂದ 200 ಉಪಯೋಗಕ್ಕೆ ಬರುತ್ತದೆ. ರಾತ್ರಿ ಟೆನಿಸ್ ಬಾಲ್ ಕ್ರಿಕೆಟ್ ಆದರೆ 50 ಮೀಟರ್ ದೂರದ ಬ್ಯಾಟ್ಸ್‌ಮನ್‌ಗೆ 200 ಬೇಕೇ ಬೇಕು.

ಹಾಗಾಗಿ ರಾತ್ರಿ ಆಟದ ಝೂಮ್ ಎಂದರೆ 70-200, ಎಫ್ 2.8. ಕ್ಯಾನನ್, ನಿಕಾನ್, ಸೋನಿ ಮೂವರೂ ಮಾಡುತ್ತಾರೆ. ಸಿಗ್ಮಾ, ಟ್ಯಾಮ್ರಾನ್‌ನವರದು ಬೆಲೆ ಕಡಿಮೆ. ಆದರೂ ದುಬಾರಿಯೇ. 70-300 ಎಂದು ಅಗ್ಗಕ್ಕೆ ಸಿಗುವ ಲೆನ್ಸುಗಳಲ್ಲಿ ಝೂಮ್ ಮಾಡುತ್ತ ಹೋದಂತೆ ಎಫ್ ಸಂಖ್ಯೆ 4ರಿಂದ 5.6ಕ್ಕೆ ಏರುತ್ತದೆ, ಬೇಕಾದಲ್ಲೇ ಬೆಳಕು ಕಡಿಮೆ. ಇದಕ್ಕೆಲ್ಲ ಬದಲು, ಝೂಮ್ ಇಲ್ಲದ 50 ಮಿ.ಮೀ. ಎಫ್ 1.8 ಲೆನ್ಸು ಬಹಳ ಕಡಿಮೆ ಬೆಲೆಗೆ ಬರುತ್ತದೆ. ಅದು ಎಫ್ 2.8ಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಬೆಳಕು ಕೊಡುತ್ತದೆ. ಝೂಮ್ ಬೇಕಾದರೆ ನಾವೇ ಎದ್ದು ಎರಡು ಹೆಜ್ಜೆ ಸರಿಯಬೇಕು, ಅಷ್ಟೇ.

ಒಂದೆರಡು ಎಚ್ಚರಿಕೆ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು. ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಗೊತ್ತಾಗದು; ಫೋಟೊದಲ್ಲಿ ಒಂದು ಬೆಳ್ಳಗೆ, ಮುಂದಿನದು ಮಂಕು ಬರುತ್ತದೆ. ಅದು ಲೆನ್ಸಿನ ದೋಷವಲ್ಲ. ಕ್ಯಾಮೆರಾದಲ್ಲಿ ಫ್ಲಿಕರ್ ತಡೆಯುವ ಆಯ್ಕೆ ಇದ್ದರೆ ಹಾಕಿಕೊಳ್ಳಬೇಕು. ಫ್ಲ್ಯಾಶ್ ಮಾತ್ರ ಬೇಡ, ಆಡುವ ಮಕ್ಕಳ ಕಣ್ಣು ಕುಕ್ಕುತ್ತದೆ. ಹಳೆಯ ಲೆನ್ಸು ಕೊಳ್ಳುವುದಾದರೆ ಟಾರ್ಚು ಹಾಯಿಸಿ ಒಳಗೆ ನೋಡಿ. ಜೇಡರ ಬಲೆಯಂತೆ ಎಳೆ ಕಂಡರೆ ಅದು ಬೂಷ್ಟು, ಕೊಳ್ಳಬೇಡಿ. ಕೊಂಡ ಮೇಲೂ ಮಳೆಗಾಲದಲ್ಲಿ ಶಾಲೆಯ ಬೀರುವಿನಲ್ಲಿ ಹಾಗೇ ಇಡಬಾರದು. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ ಇರಲಿ.

ಸಂಘಕ್ಕೆ ನನ್ನ ಸಲಹೆ ಇಷ್ಟು. ಈ ವರ್ಷ 50 ಮಿ.ಮೀ. ಮತ್ತು 85 ಮಿ.ಮೀ., ಎರಡೂ ಎಫ್ 1.8 ಲೆನ್ಸು ಕೊಳ್ಳೋಣ. ಪಂದ್ಯಾವಳಿಯ ಎರಡು ದಿನಕ್ಕೆ 70-200 ಎಫ್ 2.8 ಬೆಂಗಳೂರಿನಿಂದ ಬಾಡಿಗೆಗೆ ತರೋಣ; ಬಾಡಿಗೆ ನನ್ನದು. ಒಂದು ವರ್ಷ ಬಳಸಿ, ನಿಜಕ್ಕೂ ಬೇಕೆನಿಸಿದರೆ ಆಮೇಲೆ ಕೊಳ್ಳೋಣ. ಉಳಿದ ಹಣದಲ್ಲಿ ಅಂಕಣಕ್ಕೆ ಇನ್ನೆರಡು ಒಳ್ಳೆಯ ದೀಪ ಹಾಕಿಸೋಣ. ಅದು ಫೋಟೊಕ್ಕೂ ಆಯಿತು, ಆಡುವವರಿಗೂ ಆಯಿತು.

ಕ್ಯಾಮೆರಾ ಬೀಗದೊಳಗೆ ಇರಬಾರದು ಎಂದು ಮುಖ್ಯೋಪಾಧ್ಯಾಯರಲ್ಲಿ ಕೈಮುಗಿದು ಕೇಳುತ್ತೇನೆ. ಪ್ರತಿವರ್ಷ ಒಂಬತ್ತನೇ ತರಗತಿಯ ಒಬ್ಬ ಹುಡುಗ, ಒಬ್ಬ ಹುಡುಗಿಗೆ ನಾನೇ ಬಂದು ಕಲಿಸುತ್ತೇನೆ. ತೆಗೆದ ಫೋಟೊ ಮೊಬೈಲಿನಲ್ಲೇ ಉಳಿಯದೆ, ಆಡಿದ ಪ್ರತಿ ಮಗುವಿಗೂ ಒಂದು ಪ್ರಿಂಟ್ ಮನೆಗೆ ಹೋಗಲಿ. ಗೆದ್ದವರಿಗೂ, ಸೋತವರಿಗೂ.

ಮಸೂರದ ಪಾಠ ಹೇಳಿಕೊಟ್ಟ ವಿಜ್ಞಾನದ ಮೇಷ್ಟ್ರಿಗೆ, ಆಡಲು ಬಿಟ್ಟ ಪಿ.ಟಿ. ಮೇಷ್ಟ್ರಿಗೆ ನನ್ನ ವಂದನೆಗಳು.