ಮೇಲೇರಿದ್ದರ ಲೆಕ್ಕ ಯಾರ ಹೆಸರಿಗೆ?



ಘಟಿಕೋತ್ಸವದಲ್ಲಿ ದೇಶದ ಭವಿಷ್ಯದ ಬಗ್ಗೆ ಮಾತಾಡುವುದು ವಾಡಿಕೆ. ನಾನು ಕ್ಷೌರದಿಂದ ಶುರುಮಾಡುತ್ತೇನೆ.

1948ರಲ್ಲಿ ಎಂ. ಎನ್. ಶ್ರೀನಿವಾಸ್ ಎಂಬ ಸಮಾಜಶಾಸ್ತ್ರಜ್ಞರು ಆಕ್ಸ್‌ಫರ್ಡಿನಿಂದ ಬಂದು ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ಬಿಡಾರ ಹೂಡಿದರು. ಅವರ ಬರಹಗಳಲ್ಲಿ ಅದು ರಾಂಪುರ, ನಿಜವಾದ ಹೆಸರು ಕೊಡಗಹಳ್ಳಿ. ಊರಿನ ಪಟೇಲರು ತಮ್ಮ ಎತ್ತುಗಳನ್ನು ಕಟ್ಟುವ ಮನೆಯಲ್ಲೇ ಅವರಿಗೂ ಜಾಗ ಮಾಡಿಕೊಟ್ಟರು. ಶ್ರೀನಿವಾಸ್ ಬೆಳಿಗ್ಗೆ ಸ್ನಾನ ಮುಗಿಸಿ ಆಮೇಲೆ ಗಡ್ಡ ಹೆರೆದುಕೊಳ್ಳುವವರು. ಊರಿನವರು ಅದನ್ನು ಗಮನಿಸಿದರು, ಆಕ್ಷೇಪಿಸಿದರು. ಕತ್ತಿ ತಾಗಿದ್ದು ಮೈಲಿಗೆ. ಮೊದಲು ಕ್ಷೌರ, ಆಮೇಲೆ ಸ್ನಾನ, ಬ್ರಾಹ್ಮಣನಾದವನಿಗೆ ಇಷ್ಟೂ ತಿಳಿಯದೆ? ಸೀಮೆ ದಾಟಿ ಓದಿ ಬಂದ ಅಯ್ಯಂಗಾರರಿಗೆ ಹೊಲ ಉಳುವ ಒಕ್ಕಲು ಮಕ್ಕಳು ಮಡಿ ಮೈಲಿಗೆಯ ಪಾಠ ಹೇಳಿದರು!

ನಗು ಬರುತ್ತದೆ, ನಿಜ. ಆದರೆ ನಾನು ತರಗತಿಯಲ್ಲಿ ಜಾತಿಯ ಬಗ್ಗೆ ಪಾಠ ಮಾಡುವಾಗಲೆಲ್ಲ ಧರ್ಮಶಾಸ್ತ್ರ ತೆಗೆಯುವ ಮೊದಲು ಈ ಪ್ರಸಂಗವನ್ನೇ ಹೇಳುತ್ತಿದ್ದೆ. ಕಟ್ಟಳೆಗಳು ಇರುವುದು ಪೋಥಿಯಲ್ಲಲ್ಲ. ಯಾರು ಜಗಲಿಯ ಮೇಲೆ ಕೂತರು, ಯಾರು ಕೆಳಗೆ ನಿಂತರು, ಯಾರ ಕೈಯ ನೀರು ಯಾರು ಕುಡಿದರು ಎಂಬಲ್ಲಿ ಇವೆ. ಅವನ್ನು ಕಾಯುವವರು ನೆರೆಹೊರೆಯವರು. ಒಬ್ಬ ಮನುಷ್ಯ ತಾನಿರುವ ಜಾಗದಿಂದ ಕದಲಬೇಕಾದರೆ ಈ ನೆರೆಹೊರೆಯೂ ಕದಲಬೇಕು.

ಶ್ರೀನಿವಾಸ್ ಹುಟ್ಟಿದ್ದು 1916ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದ ವರ್ಷವೇ. ಓದಿದ್ದು ಮಹಾರಾಜಾ ಕಾಲೇಜಿನಲ್ಲಿ, ಆಮೇಲೆ ಮುಂಬಯಿಯಲ್ಲಿ ಸಮಾಜಶಾಸ್ತ್ರಜ್ಞ ಘುರ್ಯೆಯವರ ಬಳಿ, ಅಲ್ಲಿಂದ ಆಕ್ಸ್‌ಫರ್ಡ್. 1952ರಲ್ಲಿ ಕೊಡವರ ಧರ್ಮ ಮತ್ತು ಸಮಾಜದ ಬಗ್ಗೆ ಅವರ ಪುಸ್ತಕ ಬಂತು. ಅದರಲ್ಲಿ ಅವರು ಹೇಳಿದ್ದು ಇಷ್ಟು: ಜಾತಿ ವ್ಯವಸ್ಥೆ ನಾವು ಅಂದುಕೊಂಡಷ್ಟು ಜಡವಲ್ಲ. ಕೆಳಗಿರುವ ಜಾತಿಯೊಂದು ಮಾಂಸ ಬಿಟ್ಟು, ಹೆಂಡ ಬಿಟ್ಟು, ಮೇಲಿನವರ ದೇವರು, ವ್ರತ, ಆಚಾರಗಳನ್ನು ಹಿಡಿದು ಒಂದೆರಡು ತಲೆಮಾರಿನಲ್ಲಿ ಮೇಲಕ್ಕೇರಬಹುದು. ಇದೇ ಮುಂದೆ ಜಗತ್ತಿನ ಸಮಾಜಶಾಸ್ತ್ರ ವಿಭಾಗಗಳಲ್ಲೆಲ್ಲ ಓಡಾಡಿದ ಸಂಸ್ಕೃತೀಕರಣ.

ಏರಲು ಹೊರಟವರೆಲ್ಲ ಏರಲಿಲ್ಲ ಎಂಬುದನ್ನೂ ಅವರೇ ಬರೆದಿದ್ದಾರೆ. ಅಕ್ಕಸಾಲಿಗ, ಕಮ್ಮಾರ, ಬಡಗಿ ಕೆಲಸದ ಆಚಾರಿಗಳು ಜನಿವಾರ ಹಾಕಿದರು, ಆಚಾರ ಪಾಲಿಸಿದರು. ಆದರೂ ಹಳೇ ಮೈಸೂರಿನಲ್ಲಿ ಹೊಲೆಯರು ಕೂಡ ಅವರ ಕೈಯ ನೀರು ಮುಟ್ಟುತ್ತಿರಲಿಲ್ಲ. ಎಡಗೈ, ಬಲಗೈ ಎಂಬ ಹಳೆಯ ಜಾತಿ ಬಣಗಳ ಜಗಳ ಅಲ್ಲಿ ಅಡ್ಡ ಬಂತು. ನೀವು ಎಷ್ಟು ಬದಲಾದಿರಿ ಎಂಬುದು ಒಂದು, ಎದುರಿಗಿರುವವರು ಅದನ್ನು ಒಪ್ಪಿದರೇ ಎಂಬುದು ಇನ್ನೊಂದು.

ಈ ಸಭಾಂಗಣದ ಹೆಣ್ಣುಮಕ್ಕಳು ಈಗ ಸ್ವಲ್ಪ ಗಮನವಿಟ್ಟು ಕೇಳಬೇಕು. ಒಂದು ಮನೆತನಕ್ಕೆ ನಾಲ್ಕು ಕಾಸು ಕೂಡಿ, ಮರ್ಯಾದೆ ಬೇಕೆನಿಸಿದಾಗ ಮೊದಲು ಬದಲಾಗುತ್ತಿದ್ದುದು ಯಾರ ದಿನಚರಿ? ಹೆಂಗಸರದು. ಗದ್ದೆಯಲ್ಲಿ ನಾಟಿ ಹಾಕುತ್ತಿದ್ದವಳು ಒಳಮನೆ ಸೇರಿದಳು. ಗಂಡ ಸತ್ತರೆ ಅಥವಾ ಬಾಳುವೆ ಕೂಡದಿದ್ದರೆ ಕೂಡಿಕೆ ಮಾಡಿಕೊಳ್ಳುವ ಅವಕಾಶ ಎಷ್ಟೋ ಸಮುದಾಯಗಳಲ್ಲಿತ್ತು. ಅದು ಕೀಳು ಪದ್ಧತಿ ಅನ್ನಿಸಿಕೊಂಡು ನಿಂತುಹೋಯಿತು. ತೆರ ತೆತ್ತು ಹೆಣ್ಣು ತರುತ್ತಿದ್ದವರು ವರದಕ್ಷಿಣೆ ಕೇಳತೊಡಗಿದರು. ಜಾತಿ ಒಂದು ಮೆಟ್ಟಿಲು ಹತ್ತಿತು, ಅದರ ಬೆಲೆ ತೆತ್ತವಳು ಅವಳು. ಭಾರತೀಯ ಮಹಿಳೆಯರ ಬದಲಾಗುತ್ತಿರುವ ಸ್ಥಾನಮಾನದ ಬಗ್ಗೆ ಶ್ರೀನಿವಾಸ್ 1976ರಲ್ಲಿ ಹಕ್ಸ್‌ಲಿ ಉಪನ್ಯಾಸವನ್ನೇ ಕೊಟ್ಟರು. ನನ್ನ ಮಟ್ಟಿಗೆ ಸಂಸ್ಕೃತೀಕರಣದ ಇಡೀ ಚರ್ಚೆಯಲ್ಲಿ ಇದೇ ಹೆಚ್ಚು ತೂಕದ ಮಾತು, ಇದನ್ನೇ ನಾವು ಕಡಿಮೆ ಪಾಠ ಮಾಡಿದ್ದೇವೆ. ಹೆಂಗಸನ್ನು ಒಳಮನೆ ಸೇರಿಸಿದ ಆ ಮನಸ್ಸು ಇನ್ನೂ ಹೋಗಿಲ್ಲ. 2023ರ ಜೂನ್‌ನಲ್ಲಿ ಕರ್ನಾಟಕ ಸರ್ಕಾರದ ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡು ಬೇಡವಾದಾಗ ಕೆಲವರು ಆಡಿದ ಕುಹಕ ನೆನಪಿದೆಯೇ? 'ಇವರೆಲ್ಲ ಹೀಗೆ ಎಲ್ಲಿಗೆ ಹೊರಟರು' ಅಂತ. ಹೊರಟದ್ದೇ ತಪ್ಪು ಎಂಬ ಧಾಟಿ ಅದು.

ಬುಲ್ಡೋಜರಿನ ಕಥೆ ಹೇಳದೆ ಮುಂದೆ ಹೋಗಲಾರೆ. 1952ರ ಬೇಸಿಗೆಯಲ್ಲಿ ಶ್ರೀನಿವಾಸ್ ರಾಂಪುರಕ್ಕೆ ಮತ್ತೆ ಹೋದಾಗ ಅಲ್ಲಿ ಸರ್ಕಾರದ ಬುಲ್ಡೋಜರ್ ಜಮೀನು ಮಟ್ಟ ಮಾಡುತ್ತಿತ್ತು. ಅದರ ಚಾಲಕ ಬೆಂಗಳೂರಿನ ತಮಿಳು ಮಾತಿನವನು. ಹಗಲು ಯಂತ್ರ ಓಡಿಸುತ್ತಿದ್ದ, ಬಿಡುವಿನಲ್ಲಿ ಮಾಟ ಮಂತ್ರದ ಚಮತ್ಕಾರ ತೋರಿಸುತ್ತಿದ್ದ. ಎರಡರ ನಡುವೆ ವಿರೋಧವಿದೆ ಎಂದು ಅವನಿಗೆ ಒಂದು ಕ್ಷಣವೂ ಅನ್ನಿಸಿರಲಿಲ್ಲ. ಇಲ್ಲಿರುವ ಎಂಜಿನಿಯರುಗಳು ನಗಬೇಡಿ. ರಾಹುಕಾಲ ನೋಡಿ ಸಾಫ್ಟ್‌ವೇರ್ ಬಿಡುಗಡೆ ಮಾಡುವವರನ್ನು ನಾನು ಬಲ್ಲೆ. ಉದ್ಯೋಗ ಬದಲಾದ ಮಾತ್ರಕ್ಕೆ ಮನೆಯೊಳಗಿನ ನಡವಳಿಕೆ ಬದಲಾಗುವುದಿಲ್ಲ. ಪದವಿಯಿಂದಲೂ ಅಷ್ಟೇ.

ಪ್ರಬಲ ಜಾತಿ ಎಂಬ ಅವರ ಇನ್ನೊಂದು ವಿಚಾರ ಕರ್ನಾಟಕದ ರಾಜಕೀಯ ವರದಿಗಾರರಿಗೆಲ್ಲ ಬಾಯಿಪಾಠ, ಅದನ್ನು ಬೆಳೆಸುವುದಿಲ್ಲ. ಜಮೀನು, ಜನಬಲ, ಜೊತೆಗೆ ಓದು ಕೂಡಿದಲ್ಲಿ ಅಧಿಕಾರ ಬರುತ್ತದೆ, ಅಷ್ಟು ಸಾಕು. ರಾಂಪುರದ ಪಟೇಲರು ನೋಡುನೋಡುತ್ತ ಅಕ್ಕಿ ಗಿರಣಿ ಹಾಕಿದರು, ಬಸ್ಸು ಬಿಟ್ಟರು.

ಆ ಪಟೇಲರ ಕೊಟ್ಟಿಗೆ ಮನೆಯಲ್ಲೇ ಈ ಅಧ್ಯಯನದ ತೊಡಕೂ ಇದೆ. ಅಲ್ಲಿ ಕುಳಿತ ಶ್ರೀನಿವಾಸರಿಗೆ ಊರು ಪಟೇಲರ ಜಗಲಿಯಿಂದ ಕಾಣುವಂತೆಯೇ ಕಂಡಿತು. ಹೊಲಗೇರಿಯಲ್ಲಿ ಅವರಿಗೆ ಸಲೀಸಾಗಿ ಬೆರೆಯಲು ಆಗಲಿಲ್ಲ, ಹೆಂಗಸರ ಲೋಕವೂ ದೂರವೇ ಉಳಿಯಿತು. 1970ರ ಏಪ್ರಿಲ್‌ನಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಕಿಡಿಗೇಡಿಗಳು ಇಟ್ಟ ಬೆಂಕಿಗೆ ಅವರು ಸಂಸ್ಕರಿಸಿಟ್ಟ ಟಿಪ್ಪಣಿಗಳೆಲ್ಲ ಸುಟ್ಟುಹೋದ ಮೇಲೆ, ನೆನಪಿನಿಂದಲೇ ಬರೆದು 1976ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ಮಿತಿಯನ್ನು ಅವರು ಮರೆಮಾಚಿಲ್ಲ. ಮಿತಿ ಮಾತ್ರ ಮಿತಿಯೇ. ಮೇಲಿನವರಂತೆ ಆಗುವುದೊಂದೇ ಏರುವ ದಾರಿಯೇ ಎಂಬ ಪ್ರಶ್ನೆ ಜಗಲಿಯಿಂದ ಏಳಲಿಲ್ಲ, ಕೇರಿಯಿಂದ ಎದ್ದಿತು. 1973ರಲ್ಲಿ ದಲಿತ ನಾಯಕ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದು ಹೇಳಿ ಮಂತ್ರಿಗಿರಿ ಕಳೆದುಕೊಂಡರು. ಆ ಮಾತು ಎಬ್ಬಿಸಿದ ಗಲಾಟೆಯ ನಡುವಿನಿಂದ ಒಂದು ಪೀಳಿಗೆ ಎದ್ದುಬಂತು, ದಲಿತ ಸಂಘರ್ಷ ಸಮಿತಿ ಕಟ್ಟಿತು, ಹೊಸ ಕನ್ನಡ ಬರೆಯಿತು. ಅವರು ಯಾರನ್ನೂ ಅನುಕರಿಸಲಿಲ್ಲ. ಏಣಿಯನ್ನೇ ಪ್ರಶ್ನಿಸಿದರು. ಸಂಸ್ಕೃತೀಕರಣದ ಚೌಕಟ್ಟಿಗೆ ಅದು ಹಿಡಿಸುವುದಿಲ್ಲ.

ಶ್ರೀನಿವಾಸ್ 1999ರಲ್ಲಿ ತೀರಿಕೊಂಡರು. 2003ರಲ್ಲಿ ಅಚ್ಚಾದ ಅವರ ಲೇಖನವೊಂದು, ವ್ಯವಸ್ಥೆಯಾಗಿ ಜಾತಿ ಸಾಯುತ್ತಿದೆ ಎಂದು ಹೇಳುತ್ತದೆ. ಹಳ್ಳಿಯಲ್ಲಿ ಒಬ್ಬರ ಕಸುಬಿಗೆ ಇನ್ನೊಬ್ಬರು ಧಾನ್ಯ ಅಳೆಯುತ್ತಿದ್ದ ಏರ್ಪಾಡು ಮುರಿದಿದೆ, ಬಿಡಿ ಬಿಡಿ ಜಾತಿಗಳು ಮಾತ್ರ ಬಲವಾಗಿ ಬದುಕಿವೆ ಎಂಬ ವಾದ. ಈ ಮಾತನ್ನು ಪರೀಕ್ಷಿಸಲು ನೀವು ಹಳ್ಳಿಗೆ ಹೋಗಬೇಕಿಲ್ಲ. ಕೆಲಸ ಸಿಕ್ಕ ಮೇಲೆ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಬಾಡಿಗೆ ಮನೆ ಹುಡುಕಿ. ಬಾಗಿಲು ತೆರೆದ ಮಾಲೀಕರು ಸಂಬಳ ಕೇಳುವ ಮೊದಲೇ 'ನೀವು ಯಾವ ಪೈಕಿ?' ಅನ್ನುತ್ತಾರೆ, ಅಥವಾ ಅದನ್ನೇ ಸುತ್ತಿ ಬಳಸಿ, 'ವೆಜ್ಜಾ?' ಅನ್ನುತ್ತಾರೆ. ನಿಮಗೆ ಮನೆ ಸಿಕ್ಕರೆ ಏಕೆ ಸಿಕ್ಕಿತು ಎಂದೂ ಕೇಳಿಕೊಳ್ಳಿ. ಸಿಗದವರು ಹೇಗೂ ಕೇಳಿಕೊಳ್ಳುತ್ತಾರೆ.

ನಿಮ್ಮಲ್ಲಿ ಎಷ್ಟೋ ಮಂದಿ ಮನೆತನದಲ್ಲಿ ಮೊದಲ ಪದವೀಧರರು. ನೀವು ಇಲ್ಲಿಗೆ ಬರಲು ಅಕ್ಕನ ಓದು ನಿಂತಿತೇ, ಅವ್ವನ ಓಲೆ ಗಿರವಿಗೆ ಹೋಯಿತೇ, ಅಪ್ಪ ಯಾರ ಮುಂದೆ ಕೈಕಟ್ಟಿ ನಿಂತರು, ಈ ಲೆಕ್ಕ ಅಂಕಪಟ್ಟಿಯಲ್ಲಿ ಬರುವುದಿಲ್ಲ. ಸಮಾಜಶಾಸ್ತ್ರದ ಚಿನ್ನದ ಪದಕ ಪಡೆದವರು ಅದನ್ನು ಬರೆಯಲು ಶುರುಮಾಡಬಹುದು. ಬೇರೆ ವಿಭಾಗದವರಿಗೇನೂ ಅಡ್ಡಿಯಿಲ್ಲ. ಟಿಪ್ಪಣಿಯನ್ನು ಕನ್ನಡದಲ್ಲೇ ಮಾಡಿಕೊಳ್ಳಿ, ಸ್ಟ್ಯಾನ್‌ಫರ್ಡಿನ ಬೆಂಕಿಯನ್ನು ನೆನೆದು ಎರಡು ಪ್ರತಿ ಬೇರೆ ಬೇರೆ ಊರಿನಲ್ಲಿ ಇಡಿ.

ದೂರದ ತಾಲ್ಲೂಕುಗಳಿಂದ ಬಂದ ತಂದೆತಾಯಿಗಳಿಗೆ ಸಂಜೆಯ ಬಸ್ಸು ಹಿಡಿಯಬೇಕಿದೆ.